ವಾಖೋನ ಬಳಿ ಇರುವ ನಾಲ್ಕು ನಿಮಿಷ

ಬೆಳಗಿನ ಐದೂಕಾಲು. ಕುತಾಯಿಸಿ ಇನ್ನೂ ಕಣ್ಣುಜ್ಜುತ್ತಿತ್ತು.
ಮೂರನೆಯ ಸರದಿಯ ಹಿಟ್ಟನ್ನು ಹಲಗೆಯ ಮೇಲೆಳೆದು
ದೋಣಿಯ ಹಾಗೆ ತುದಿ ಚೂಪು ಮಾಡಿದ್ದು ನೆನಪಿದೆ.
ಆಮೇಲೆ ಆಂಬುಲೆನ್ಸಿನ ಸೂರು,
ಅದರಲ್ಲೊಂದು ತುಕ್ಕು ಹಿಡಿದ ತಿರುಪು.
ಯಾರೋ ನನ್ನ ಹೆಸರು ಕೇಳುತ್ತಿದ್ದಾರೆ,
ನಾನು ಅಮ್ಮನ ಹೆಸರು ಹೇಳುತ್ತಿದ್ದೇನೆ.

ನಿದ್ದೆಗಾದರೂ ಒಂದು ದಡವಿರುತ್ತದೆ,
ಎದ್ದಾಗ ಕಾಲು ಒದ್ದೆಯಾಗಿರುತ್ತದೆ.
ಇಲ್ಲಿ ಹೊಲಿಗೆಯ ಗುರುತೂ ಇಲ್ಲ.
ಹಿಟ್ಟಿಗೆ ನೇರ ತಿರುಪು ಸೇರಿಬಿಟ್ಟಿದೆ.

ತಲೆಗೆ ತಂತಿ ಅಂಟಿಸಿ ಕಣ್ಣೆದುರು ದೀಪ ಮಿನುಗಿಸಿದರು.
ಕೊಳವೆಯೊಳಗೆ ತಳ್ಳಿ ಸುತ್ತಲೂ ತಗಡು ಬಡಿದರು.
ರೊಟ್ಟಿಯ ಹಾಗೆ ಒಳಹೋಗಿ, ಬೇಯದೆ ಹೊರಬಂದೆ.
"ಎಲ್ಲ ಚೊಕ್ಕವಾಗಿದೆ," ಅಂದಳು ಡಾಕ್ಟರ್ ಖಾತೂನಾ,
"ಕಾರಣ ಕಾಣುತ್ತಿಲ್ಲ. ಇನ್ನೊಮ್ಮೆ ಬಾರದೆಯೂ ಇರಬಹುದು."
ಬಂದರೆ?
"ಬಂದರೆ, ಆಗ ಹೆಸರಿಡೋಣ."

ನೆಲದಲ್ಲಿ ಹೂತ ಮಣ್ಣಿನ ಒಲೆ, ತೋನೆ.
ಇಪ್ಪತ್ತೆರಡು ವರ್ಷ ಅದರ ಬಾಯಿಗೆ ತಲೆ ಕೊಟ್ಟು
ಸೊಂಟದವರೆಗೆ ಬಾಗಿ ಗೋಡೆಗೆ ಹಿಟ್ಟು ಬಡಿದವಳು ನಾನು.
ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುವುದು
ನನಗೆ ಗಾದೆಯಲ್ಲ, ಕಸುಬು.
ರೊಟ್ಟಿ ಜಾರಿಬಿದ್ದರೆ ಗೋಡೆ ತಣ್ಣಗಿತ್ತು,
ಸೀದರೆ ನಾನು ಹರಟುತ್ತಿದ್ದೆ.
ಹಾಗೆಯೇ ಕೆದಕಿದೆ:
ತಮ್ಮನ ಮಗಳ ದೀಕ್ಷಾಸ್ನಾನದ ಊಟದಲ್ಲಿ
ಕುಡಿದ ಎರಡು ಲೋಟ ದ್ರಾಕ್ಷಾರಸವೇ?
ಏಳನೆಯ ವಯಸ್ಸಿಗೆ ಅಕ್ರೋಟಿನ ಮರದಿಂದ ಬಿದ್ದದ್ದೇ?
ಅತ್ತೆ ಸಾಯುವ ಮುಂಚೆ ಅವಳಿಗೆ ಅಂದ ಮಾತೇ?
ಮೇಲ್ಮನೆಯ ತ್ಸಿತ್ಸೋ ಅಜ್ಜಿಗಂತೂ ಅನುಮಾನವೇ ಇಲ್ಲ,
ದೃಷ್ಟಿ. ಯಾರದ್ದೆಂದೂ ಗೊತ್ತಂತೆ.
ಅವಳ ನೆಮ್ಮದಿ ಕಂಡು ಹೊಟ್ಟೆ ಉರಿಯಿತು.

ಎತ್ತರ ಬೇಡ, ಬೆಂಕಿ ಬೇಡ, ಬಚ್ಚಲಿಗೆ ಚಿಲಕ ಬೇಡ.
ಈಗ ಮೀಯುವಾಗ ನಾನು ಹಾಡಬೇಕು;
ಹಾಡು ನಿಂತರೆ ಗಂಡ ಬಾಗಿಲು ತಳ್ಳುತ್ತಾನೆ.
ಚರಣ ಮರೆತದ್ದಕ್ಕೆ ಎರಡು ಸಲ ತಳ್ಳಿದ್ದಾನೆ.
ರಾತ್ರಿ ಅವನು ನನ್ನ ಉಸಿರು ಎಣಿಸುತ್ತಾನೆ,
ನಿದ್ದೆ ಬಂದವಳಂತೆ ನಾನು ಅವನ ಎಣಿಕೆ ಕೇಳುತ್ತೇನೆ.

ನಾಲಗೆಯ ಗಾಯಕ್ಕೆ ಉಪ್ಪು ತಾಗಿದಾಗೆಲ್ಲ
ಆ ದಿನ ನಿಜ ಅನ್ನಿಸುತ್ತಿತ್ತು.
ವಾರಕ್ಕೆ ಅದೂ ಮಾಯಿತು.

ಇನ್ನು ಸಾಕ್ಷಿ ಇರುವುದು ವಾಖೋನ ಬಳಿ.
ಹತ್ತೊಂಬತ್ತರ ಹುಡುಗ, ಹಿಟ್ಟು ನಾದುವವನು.
ನನ್ನ ನಾಲ್ಕು ನಿಮಿಷ ಇಟ್ಟುಕೊಂಡು
ಸಾಲಗಾರನ ಹಾಗೆ ಕಣ್ಣು ತಪ್ಪಿಸುತ್ತಾನೆ.
ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು,
ಹಿಟ್ಟಿನ ಚೀಲದ ಮೇಲೆ ಕೂರಿಸಿ ಕೇಳಿದೆ.
ಅವನು ಹೇಳಿದ್ದು ನನಗಲ್ಲ, ನೆಲಕ್ಕೆ:
"ಕೂಗಿದಿರಿ, ಚಿಕ್ಕಮ್ಮ. ಅದು ನಿಮ್ಮ ದನಿ ಅಲ್ಲ.
ತೋನೆಯ ಕಡೆ ವಾಲಿದಿರಿ,
ಏಪ್ರನ್ನಿನ ಗಂಟು ಸಿಕ್ಕಿತು, ಎಳೆದೆ.
ತುಟಿ ನೀಲಿಯಾಯಿತು. ಮುಗಿಯಿತು ಅಂದುಕೊಂಡೆ.
ತಲೆಯಡಿಗೆ ನನ್ನ ಜಾಕೆಟ್ ಇಟ್ಟೆ. ಆಮೇಲೆ..."
ಆಮೇಲೆ?
"ಒಳಗೆ ಏಳು ರೊಟ್ಟಿ ಇದ್ದವು.
ನೀವು ಅದುರುತ್ತಿದ್ದಿರಿ, ನಾನು
ಅವನ್ನು ತೆಗೆಯಲೋ ಬೇಡವೋ ಅಂತ ಯೋಚಿಸಿದೆ.
ಕ್ಷಮಿಸಿ."

ನಕ್ಕುಬಿಟ್ಟೆ, ಕಣ್ಣಲ್ಲಿ ನೀರು ಬರುವಷ್ಟು.
ಎಲ್ಲೂ ಹಿಡಿ ಸಿಗದ ಆ ಹೊತ್ತಿಗೆ
ಕೊನೆಗೂ ಒಂದು ವಾಸನೆ ಸಿಕ್ಕಿತ್ತು,
ಸೀದ ರೊಟ್ಟಿ. ಅದು ನನಗೆ ಗೊತ್ತಿರುವುದು.
"ತೆಗೆದೆಯಾ?"
"ಇಲ್ಲ."
"ಮುಂದಿನ ಸಲ..." ಅಂದವಳೇ ನಾಲಗೆ ಕಚ್ಚಿಕೊಂಡೆ.
ಈ ಸಲ ಕಚ್ಚಿದ್ದು ನಾನೇ, ಮೆಲ್ಲಗೆ.

ಈಗ ಒಲೆಗೆ ಬಾಗುವವನು ಅವನು.
ಗಲ್ಲದ ಹಿಂದೆ ಕೂತು ಚಿಲ್ಲರೆ ಎಣಿಸುವ ನನಗೆ
ಒಂದು ಕಣ್ಣು ಸದಾ ಅವನ ಬೆನ್ನ ಮೇಲಿನ ಗಂಟಿನಲ್ಲಿ.
ಬಿಗಿಯಾಗಿ ಕಟ್ಟಿಕೋ, ಅನ್ನುತ್ತೇನೆ ದಿನಾ.
ಯಾಕೆಂದು ಅವನು ಕೇಳುವುದಿಲ್ಲ.