ಗಜಕ್ಕೆ ಎಷ್ಟು

ಮೂವತ್ತೊಂದು ವರ್ಷ ನಾನು ಹೊಲಿದದ್ದೆಲ್ಲ
ಗಾಳಿ ಒಳಗೆ ಬರದಿರಲೆಂದು.
ಶಿರಾದ ಹೈವೇ ಬದಿ, ಪಂಕ್ಚರ್ ಅಂಗಡಿಗೂ
ಟೀ ಗಾಡಿಗೂ ನಡುವೆ ನನ್ನ ಮಿಷನ್ನು,
ಸುತ್ತ ಲಾರಿ ಟಾರ್ಪಾಲು, ಮೇಣದ ವಾಸನೆ.
ಈರುಳ್ಳಿ ನೆನೆಯಬಾರದು, ಸಿಮೆಂಟು ನೆನೆಯಬಾರದು,
ಪುಣೆಗೆ ಹೋಗುವ ಹತ್ತಿ ಹಾರಬಾರದು.
ಗಜಕ್ಕೆ ಇಷ್ಟು, ಕಣ್ಣಿಗೆ ಇಷ್ಟು,
ಮೂಲೆಗೊಂದು ಹಿತ್ತಾಳೆ ಉಂಗುರ ಪುಕ್ಕಟೆ.

ಆಷಾಢದ ಎರಡನೇ ವಾರ, ಗೂಡ್ಸ್ ಆಟೋದಲ್ಲಿ
ಉದ್ದಕ್ಕೆ ಏನನ್ನೋ ಮಲಗಿಸಿಕೊಂಡು ಬಂದ
ಕ್ಯಾತಲಿಂಗ, ಕುರಿ ಚಿತ್ತಯ್ಯನ ಮಗ.
ಪಂಚೆ ಸುತ್ತಿತ್ತು, ಹೆಣವೇನೋ ಎಂದು ಎದ್ದು ನಿಂತೆ.
ಹಲಗೆ. ಮೂಗು ಮುರಿದದ್ದು.
ಎರಡು ವರ್ಷ ಕುಂದಾಪುರದ ಆಚೆ,
ಬಸ್ಸು ನಿಲ್ಲದ, ಐಸ್‌ಕ್ರೀಮಿನವನೂ ಬಾರದ
ಒಂದು ಕಡಲ ದಂಡೆಯಲ್ಲಿ
ಯಾರದೋ ಹೋಟೆಲಿನ ಪಾತ್ರೆ ತೊಳೆದಿದ್ದ.
ಸಂಬಳ ಬಾಕಿ ಇತ್ತಂತೆ. ಬಾಕಿಗೆ ಬದಲು ಇದು.

"ಸಾಬ್ರೇ, ಹಳೇ ಪಟ ಹರಿದೈತೆ. ಒಂದು ಹೊಲ್ಕೊಡಿ."
ಏನು ಮುಚ್ಚಬೇಕಪ್ಪ?
"ಮುಚ್ಚಕ್ಕಲ್ಲ, ಹಿಡಿಯಕ್ಕೆ."
ಏನನ್ನು?
ಅವನು ಬರೀ ಕೈ ಎತ್ತಿದ.
ಟೀ ಗಾಡಿಯ ಪೇಪರ್ ಲೋಟಗಳೆಲ್ಲ
ರಸ್ತೆ ದಾಟಿ ಹೋಗುತ್ತಿದ್ದವು.

ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚಿದ:
ಇಲ್ಲಿ ಬಿಗಿ, ಇಲ್ಲೊಂದು ಕಿಟಕಿ, ಇಲ್ಲಿ ಹೊಟ್ಟೆ.
ಹೊಟ್ಟೆ! ನನ್ನ ಕಸುಬಿನಲ್ಲಿ ಹೊಟ್ಟೆ ಬಂದರೆ
ಡ್ರೈವರು ಬೈಯುತ್ತಾನೆ, ದುಡ್ಡು ಮುರಿಯುತ್ತಾನೆ.
ಮೂರು ರಾತ್ರಿ ಹೊಲಿದೆ, ಮೂರು ರಾತ್ರಿ ಬಿಚ್ಚಿದೆ.
ಬಾಗಿಲಲ್ಲಿ ನಿಂತಿದ್ದ ಜೈತುನ್‌ಬಿ, ಓಣಿಗೆಲ್ಲ ರವಿಕೆ ಹೊಲಿಯುವವಳು,
"ಡಾಟ್ ಹಿಡೀರಿ" ಎಂದಳು,
"ಮೈ ಬರೋದು ಬಟ್ಟೆಯಿಂದಲ್ಲ, ಮಡಿಕೆಯಿಂದ."

ದೊಡ್ಡಕೆರೆ ತುಂಬಿತ್ತು. ಏರಿಯ ಮೇಲೆ
ನೀರುಗಂಟಿ ಮೂಡ್ಲಗಿರಿ ಕೋಲು ಅಡ್ಡ ಹಿಡಿದ:
"ಎಮ್ಮೆಗಿಲ್ಲ, ಬಟ್ಟೆಗಿಲ್ಲ, ನಿನ್ನ ಹಲಗೆಗೆ ಯಾವ ಕಾನೂನು?"
ಹುಡುಗ ಕಾನೂನು ಹೇಳಲಿಲ್ಲ.
"ಮಧ್ಯಾಹ್ನದ ಮೇಲೆ ಗಾಳಿ ಎತ್ಲಾಗ್ ತಿರುಗತ್ತಣ್ಣ?" ಎಂದ.
ಇಷ್ಟು ವರ್ಷ ಆ ಮನುಷ್ಯನನ್ನು
ಯಾರೂ ಅದನ್ನು ಕೇಳಿರಲಿಲ್ಲ.
ಕೋಲು ತಾನೇ ಎದ್ದು ಪಡುವಣ ತೋರಿಸಿತು,
ಆಮೇಲೆ ತೂಬು ತೋರಿಸಿತು: ಅಲ್ಲಿ ಸುಳಿ, ಹುಷಾರು.

ಬಿದ್ದ. ಬಿದ್ದ. ಬಿದ್ದ.
ಸ್ಕೂಲು ಬಿಟ್ಟ ಮಕ್ಕಳು ಎಣಿಸುತ್ತ
ಹದಿನೇಳರ ಹತ್ತಿರ ಲೆಕ್ಕ ತಪ್ಪಿದರು.
ಆಮೇಲೆ ನನ್ನ ಹೊಲಿಗೆ
ಆರು ತಿಂಗಳ ಬಸುರಿಯಂತೆ ತುಂಬಿಕೊಂಡಿತು.
ರಾಟೆಯಿಲ್ಲದ ಬಾವಿಯಲ್ಲಿ ಸೇದುವವಳ ಹಾಗೆ
ಹಿಂದಕ್ಕೆ ಒರಗಿದ, ಹೊರಟೇಬಿಟ್ಟ.
ಹುಟ್ಟಿಲ್ಲ, ಮೋಟಾರಿಲ್ಲ.
ಹೊಸ ಲಾಂಗ್‌ಕ್ಲಾತ್ ಸೀಳಿದ ಹಾಗೆ ನೀರು ಸೀಳಿತು,
ಹಿಂದೆ ಹಿಂದೆ ತಾನೇ ಹೊಲಿದುಕೊಂಡಿತು,
ಗಂಟೂ ಕಾಣದ ಹಾಗೆ.

ಹೋಗುವುದು ಬಂತು, ಬರುವುದು ಬರಲಿಲ್ಲ.
ಆಚೆ ದಡದಿಂದ ಜಾಲಿ ಮುಳ್ಳಿನೊಳಗೆ
ಹಲಗೆ ತಲೆಮೇಲೆ ಹೊತ್ತು ನಡೆದು ಬಂದ, ಒಂದು ಗಂಟೆ.
ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು,
ಗಾಳಿಗೆ ಎದುರು ಮನೆಗೆ ಬರುವುದು ಹೇಗೆಂದು
ಯಾರೂ ಹೇಳಿ ಹೋಗಲಿಲ್ಲ.
ಅಷ್ಟೊತ್ತೂ ಬೀಡಿ ಸೇದುತ್ತ ಕುಕ್ಕರುಗಾಲಲ್ಲಿದ್ದ ಚಿತ್ತಯ್ಯ
ಮಗನ ಮುಖ ನೋಡದೆಯೇ ಹೇಳಿದ:
"ಎದುರುಗಾಳೀಗೆ ಕುರಿ ನೆಟ್ಟಗೆ ಬರ್ತಾವೇನ್ಲಾ?
ಅತ್ಲಾಗೊಂದಿಷ್ಟು, ಇತ್ಲಾಗೊಂದಿಷ್ಟು. ಸೊಟ್ಟಗೆ.
ಅಂಗೇ ಹಟ್ಟಿ ಮುಟ್ತಾವೆ."

ಮಾರನೇ ದಿನ ಸಂಜೆ
ಕೆರೆಯ ಮೇಲೆ ಉದ್ದಕ್ಕೂ ಓರೆ ಟಾಕಿ ಹಾಕುತ್ತ
ಬಂದು ಏರಿಗೆ ತಾಗಿದ.
ಮೂಡ್ಲಗಿರಿ ಕೋಲು ಚಾಚಿ ಎಳೆದುಕೊಂಡ.

"ಎಷ್ಟಾಯ್ತು ಸಾಬ್ರೇ?"
ಗಾಳಿ ತಡೆಯಲು ದರ ಇದೆ, ಗೋಡೆಗೆ ಬರೆದಿದ್ದೇನೆ.
ಇದಕ್ಕೆ ಎಷ್ಟು ಹೇಳಲಿ?
ಹೊಲಿಗೆ ಬಿಟ್ಟಾಗ ತಗೊಂಡು ಬಾ, ಎಂದೆ.

ರಾತ್ರಿ ಹಿರಿಯೂರಿನ ಲಾರಿ ಬಂದು ನಿಂತಿತು,
ಇಪ್ಪತ್ತನಾಲ್ಕು ಅಡಿಯ ಟಾರ್ಪಾಲು ನೆಲಕ್ಕೆ ಹಾಸಿದೆ.
ದಿನಾ ನಾಲ್ಕು ಮೂಲೆಗೂ ಕಲ್ಲು ಹೇರುವವನು
ಅವತ್ತು ಮೂರಕ್ಕೆ ಹೇರಿ,
ನಾಲ್ಕನೆಯದನ್ನು
ಸುಮ್ಮನೆ ಕೈಯಲ್ಲಿ ಹಿಡಿದುಕೊಂಡೇ ಕೂತೆ.