ಕೈಗೆ ಮಾತ್ರ ಗೊತ್ತು

ಸ್ಟೀರಿಂಗ್ ಕೆಳಗೆ ಬೇಡ,
ಕಳ್ಳನ ಕೈ ಮೊದಲು ಹೋಗುವುದೇ ಅಲ್ಲಿಗೆ.
ಡ್ಯಾಶ್‌ಬೋರ್ಡಿನ ಮೇಲೂ ಬೇಡ, ಹೊಸ ಬಟನ್ನು
ಹೊಸ ಸೊಸೆಯ ಹಾಗೆ, ಬಂದವರೆಲ್ಲ ನೋಡುತ್ತಾರೆ.
ನೋಡದೆಯೂ ಕೈ ಬೀಳುವ ಕಡೆ ಇಡು,
ಕತ್ತಲಲ್ಲಿ ಮನೆಯ ಚಿಲಕ ಸಿಗುತ್ತದಲ್ಲ, ಹಾಗೆ.
ಅಪ್ಪ ಇಷ್ಟು ಹೇಳಿ ಬೀಡಿ ಹಚ್ಚುತ್ತಿದ್ದ.

ಹಾಸನದ ಬಿ.ಎಂ. ರಸ್ತೆಯಿಂದ ಒಳಗೆ, ಟಯರ್ ಅಂಗಡಿಯ ಬೆನ್ನಿಗೆ
ನಮ್ಮ ಶೆಡ್ಡು. ಬೋರ್ಡಿನಲ್ಲಿ ಈಗಲೂ ಅವನ ಹೆಸರು,
ಅಂತೋಣಿ ಆಟೊ ಎಲೆಕ್ಟ್ರಿಕಲ್ಸ್.
ಬಂದವರು ‘ಮೇಸ್ತ್ರಿ ಇಲ್ವಾ’ ಅಂತ ನನ್ನನ್ನೇ ಕೇಳುತ್ತಾರೆ.
ಸೀಟು ಬಿಚ್ಚುತ್ತಲೇ ‘ಇದೀನಿ’ ಅನ್ನುತ್ತೇನೆ.

ದಪ್ಪ ವೈರು ಕಡಿಯಬಾರದು, ಬೆಂಕಿ.
ಪೆಟ್ರೋಲ್ ಪಂಪಿನ ರಿಲೇಗೆ ಅಪ್ಪಣೆ ಒಯ್ಯುವ
ಸಣ್ಣ ವೈರು ಒಂದಿದೆ, ಅದನ್ನು ಕಡಿಯಬೇಕು.
ಬೆಸುಗೆ ಹಾಕಿ, ಕಂಪನಿಯವರು ಸುತ್ತಿದ ಹಾಗೇ ಟೇಪು ಸುತ್ತಿ
ಕೊನೆಗೆ ಚಿಟಿಕೆ ಧೂಳು ಉಜ್ಜಬೇಕು.
ಹೊಸತನದಂಥ ಚಾಡಿಕೋರ ಇನ್ನೊಬ್ಬನಿಲ್ಲ.

ಇಂಥ ಗಾಡಿ ಕದ್ದವನಿಗೆ ಮೊದಲು ಒಲಿಯುತ್ತದೆ.
ಪೈಪಿನಲ್ಲಿ ಉಳಿದ ಗುಟುಕು ಮುಗಿಯುವ ತನಕ ಓಡುತ್ತದೆ.
ಹೋದ ವರ್ಷ ಮಂಡಿಯ ಓಮ್ನಿಯೊಂದು, ಆಲೂಗಡ್ಡೆ ಮೂಟೆ ಸಮೇತ,
ಗೇಟು ದಾಟಿ ಐವತ್ತು ಮಾರಿಗೆ ನಿಂತಿತ್ತು,
ಬಾಗಿಲು ತೆರೆದು, ಇಂಡಿಕೇಟರ್ ಮಿಟುಕಿಸುತ್ತಾ.
ಕಳ್ಳ, ಪಾಪ, ಒಂದು ಚಪ್ಪಲಿ ಬಿಟ್ಟು ಓಡಿದ್ದ.

ಎಲ್ಲಿಟ್ಟೆ ಎಂದು ಮಾಲೀಕರಿಗೆ ಬಿಟ್ಟು ಯಾರಿಗೂ ಹೇಳುವುದಿಲ್ಲ.
ಪುಸ್ತಕದಲ್ಲಿಲ್ಲ. ಬಿಲ್ಲಿನಲ್ಲಿ ‘ವೈರಿಂಗ್ ಕೆಲಸ’, ಅಷ್ಟೆ.
ಚರ್ಚಿನಲ್ಲಿ ಫಾದರ್ ಕಿವಿಗೊಟ್ಟು ಕೇಳಿದ್ದನ್ನು
ಹೊರಗೆ ಬಂದು ಆಡುತ್ತಾರಾ?

ಆವತ್ತು ಬಿಳಿ ವ್ಯಾಗನಾರ್. ಇಸ್ತ್ರಿ ಮುರಿಯದ ಶರ್ಟು.
‘ಗುಟ್ಟಿನ ಸ್ವಿಚ್ಚು ಹಾಕ್ತೀರಂತೆ’ ಅಂದ.
ಹೇಮಾವತಿ ನಗರದಲ್ಲಿ ಗೇಟಿನೊಳಗೆ ನಿಲ್ಲುವ ಗಾಡಿ,
ಅಲ್ಲಿಗೆ ಯಾವ ಕಳ್ಳರು ಸಾರ್, ಅಂದೆ.
‘ರಾತ್ರಿ ಹೊತ್ತು’ ಅಂದ. ‘ರಾತ್ರಿ ಹೊತ್ತು ಹೋಗ್ತದೆ.’
ಹೋಗ್ತದೆ ಅಂದ. ಕದೀತಾರೆ ಅನ್ನಲಿಲ್ಲ.
ನನ್ನ ಕಿವಿಗೆ ಅದು ಬಿತ್ತು, ಕೈ ಕೆಲಸ ನಿಲ್ಲಿಸಲಿಲ್ಲ.
ಎಡ ಸೀಟಿನಡಿ, ಕಾರ್ಪೆಟ್ಟಿನ ಮಡಿಕೆಯಲ್ಲಿ. ಸಾವಿರದ ಎಂಟುನೂರು.

ಹತ್ತು ದಿನಕ್ಕೆ ಅದೇ ವ್ಯಾಗನಾರ್
ಹಗ್ಗ ಕಟ್ಟಿಸಿಕೊಂಡು ಟ್ರ್ಯಾಕ್ಟರಿನ ಹಿಂದೆ ಬಂತು.
ಸ್ಟೀರಿಂಗ್ ಹಿಡಿದಿದ್ದವಳು ಇಳಿದಳು,
ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ,
ಕಣ್ಣಲ್ಲಿ ನಿದ್ದೆ ಬಾಕಿ.
‘ನೈಟ್ ಡ್ಯೂಟಿ ಇದ್ದಾಗ ಮಾತ್ರ ಸ್ಟಾರ್ಟ್ ಆಗಲ್ಲ.
ಭಾನುವಾರ ಇವರು ಮುಟ್ಟಿದರೆ ಆಗ್ತದೆ.
ನನ್ನ ಕೈಗುಣ ಸರಿಯಿಲ್ಲವಂತೆ.’

ಬಾನೆಟ್ ಎತ್ತಿ ಸುಮ್ಮನೆ ನಿಂತೆ.
ಹೇಳಬಾರದು. ಅಪ್ಪನ ಕಟ್ಟಳೆ.
ಮಾಲೀಕರಿಗೆ ಬಿಟ್ಟು.

‘ಆರ್‌ಸಿ ಇದೆಯಾ’ ಅಂದೆ.
ಪರ್ಸಿನೊಳಗೆ ಔಷಧಿ ಚೀಟಿಗಳ ನಡುವಿಂದ ಕಾರ್ಡು ತೆಗೆದಳು.
ಕೆಎ ಹದಿಮೂರು. ಕುಸುಮಾವತಿ ಕೆ.ಎಂ.
ಎರಡು ಸಲ ಓದಿದೆ, ಒಂದು ಸಲ ಗಟ್ಟಿಯಾಗಿ.
‘ಕಂತು ಕಟ್ಟೋದೂ ನಾನೇ’ ಅಂದಳು,
ಯಾಕೆ ಕೇಳ್ತೀರಿ ಅನ್ನುವ ಹಾಗೆ.

ಕೂರಿಸಿದೆ. ಕಣ್ಣು ಮುಚ್ಚಿ, ಎಡಗೈ ಕೆಳಗೆ ಬಿಡಿ ಅಂದೆ.
ನರ ಹುಡುಕಿ ಸೂಜಿ ಚುಚ್ಚುವ ಬೆರಳು,
ಹೆಚ್ಚು ದಾರಿ ಹೇಳಬೇಕಾಗಲಿಲ್ಲ.
ಟಕ್.
ಎಂಜಿನ್ನು ಎದ್ದಿತು. ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ.
ಯಾರೋ ಹಾಕಿ ಮರೆತ ವೈಪರ್ ಮಾತ್ರ
ಒಣ ಗಾಜನ್ನು ಉಜ್ಜುತ್ತಲೇ ಇತ್ತು.

ಮಧ್ಯಾಹ್ನ ಕೂತು ಜಾಗ ಬದಲಿಸಿದೆ.
ಎಲ್ಲಿಗೆ ಅಂತ ಇಲ್ಲೂ ಬರೆಯುವುದಿಲ್ಲ.
ಕೂಲಿ ತೆಗೆದುಕೊಳ್ಳಲಿಲ್ಲ, ಅದು ಆಗಲೇ ಬಂದಿತ್ತು.
ಹಳೆಯ ಸ್ವಿಚ್ಚು ಕೀಳಲಿಲ್ಲ,
ಕಾರ್ಪೆಟ್ಟಿನ ಮಡಿಕೆಯಲ್ಲಿ ಹಾಗೇ ಇದೆ.
ಒತ್ತಿದರೆ ಟಕ್ ಅನ್ನುತ್ತದೆ.
ಯಾವ ವೈರಿಗೂ ಸೇರಿಲ್ಲ.