ಒಳಮಡಿಕೆಗೆ ಎರಡಿಂಚು

ಮಧುಗಿರಿಯಲ್ಲಿ ಅಷ್ಟುದ್ದದ ಮೇಜು
ನನ್ನ ಅಂಗಡಿಯಲ್ಲಿ ಮಾತ್ರ.
ಅದಕ್ಕೇ ಬಂದರು ಮೂವರೂ, ಶಟರ್ ಅರ್ಧ ಎಳೆದ ಮೇಲೆ,
ಕಂಕುಳಲ್ಲಿ ದ್ವೀಪವನ್ನು ಸುರುಳಿ ಸುತ್ತಿಕೊಂಡು.

ಡ್ರಾಯಿಂಗ್ ಮೇಷ್ಟ್ರು ಪಾಲಾಕ್ಷಯ್ಯ, ನರ್ಸ್ ಫರ್ಹಾನಾ,
ಅಂಚೆ ಹಂಚುವ ದೊಡ್ಡಹನುಮ.
ಭಾನುವಾರ ಭಾನುವಾರ ಇದೇ ಬಂಡೆ ಹತ್ತಿಳಿದು
ಅದಕ್ಕೂ ಇವರಿಗೂ ಸಲಿಗೆ ಜಾಸ್ತಿಯಾಗಿ
ಈಗ ಕಡಲ ನಡುವೆ ಒಂದು ಕಾಡು ಬೇಕಂತೆ.

ನಕ್ಷೆಯ ಮೂಲೆಗೊಂದು ಭಾರ:
ಇಸ್ತ್ರಿಪೆಟ್ಟಿಗೆ, ಕತ್ತರಿ, ಗುಂಡಿಯ ಡಬ್ಬಿ,
ನಾಲ್ಕನೆಯ ಮೂಲೆಗೆ ನನ್ನ ಮೊಣಕೈ.
ಹೀಗೆ ನಾನೂ ಸೇರಿಕೊಂಡೆ.

ದ್ವೀಪದ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ.
ಹಡಗು ಮಂಗಳವಾರ ಮಾತ್ರ.
ಬಡಗಣ ದಡದ ದಾರಿಯನ್ನು ದಿನಕ್ಕೆರಡು ಸಲ
ನೀರು ನುಂಗುತ್ತದೆ, ಎರಡು ಸಲ ಕಕ್ಕುತ್ತದೆ.
ಊರಿಲ್ಲ, ಅಂಗಡಿಯಿಲ್ಲ, ಒಂದು ಸುತ್ತಿಗೆ ಐದು ದಿನ.
ಹುರಿಹಿಟ್ಟು ಎಷ್ಟು, ಬೆಲ್ಲ ಎಷ್ಟು, ಹಗ್ಗ ಯಾರ ಬೆನ್ನಿಗೆ
ಎಂದು ಫರ್ಹಾನಾ ಬರೆದಳು, ಹೊಡೆದು ಹಾಕಿದಳು.
ಪಕ್ಕದ ಮಂಡಿಯ ತಕ್ಕಡಿಯಲ್ಲಿ ಚೀಲ ತೂಗಿ ಬಂದು
ಇನ್ನೊಂದು ಲುಂಗಿ ಬೇಡವೆಂದ ಹನುಮ.

ಕಂದು ಗೆರೆ ಒತ್ತಾದಲ್ಲಿ ಕಡಿದಾದ ಏರು,
ಬಿಡಿಯಾದಲ್ಲಿ ಬಯಲು,
ಮೇಷ್ಟ್ರು ನನಗೆ ಬಿಡಿಸಿ ಹೇಳಿದರು.
ಮೂವತ್ತು ವರ್ಷ ನೆರಿಗೆ ಹಿಡಿದವಳಿಗೆ!

ಟೇಪು ಬಳುಕಿಸಿ ದಾರಿ ಅಳೆದೆ.
ದಿನಕ್ಕೆ ಒಂಬತ್ತು ಗಂಟೆ, ಒಂದು ನಿಮಿಷ ಹೆಚ್ಚಿಲ್ಲ.
"ರವಿಕೆಗಾದರೂ ಒಳಗೆ ಮಡಚೋಕೆ ಎರಡಿಂಚು ಬಿಡ್ತೀವಿ,
ನಿಮ್ಮ ದಿನಗಳಿಗೆ ಮಡಿಕೆಯೇ ಇಲ್ಲವಲ್ರಪ್ಪ."
ಹನುಮ ಆರನೆಯ ದಿನ ಬರೆದ,
ರಜೆಯಿಲ್ಲವೆಂದು ಅಳಿಸಿದ,
ಮುಂದಿನ ವಾರ ಸುಮ್ಮನೆ ಮತ್ತೆ ಬರೆದ.

ಆಮೇಲೆ ದಿಕ್ಕು.
ಬೆಟ್ಟ ಬಲಕ್ಕೆ, ಕಡಲು ಎಡಕ್ಕೆ, ಗುಡಿ ಸುತ್ತಿದ ಹಾಗೆ.
ಮೂರನೆಯ ದಿನ ಪೂರಾ ಓರೆ ಇಳಿಜಾರಿನ ಅಡ್ಡದಾರಿ.
ಅಲ್ಲಿ ನನ್ನ ಸೀಮೆಸುಣ್ಣ ನಿಂತಿತು.

ಅಳತೆ ಪುಸ್ತಕದಲ್ಲಿ ಹನ್ನೊಂದು ವರ್ಷದಿಂದ ಇದೆ:
ಪಾಲಾಕ್ಷಯ್ಯ. ಪ್ಯಾಂಟು. ಬಲಗಾಲು ನಲವತ್ತು.
ಎಡಗಾಲು ಮುಕ್ಕಾಲಿಂಚು ಕಮ್ಮಿ.
ಅವರಿಗೇ ಗೊತ್ತಿಲ್ಲ.
ಕನ್ನಡಿಯಲ್ಲಿ ಎರಡು ತುದಿ ಸಮ ಕಂಡರೆ ಸಾಕಲ್ಲ,
ಸದ್ದಿಲ್ಲದೆ ಮಡಚಿ ಹೊಲಿದಿದ್ದೇನೆ.
ಗಿಡ್ಡ ಕಾಲು ಇಳಿಜಾರಿನ ಕೆಳಬದಿಗೆ ಬಿದ್ದು
ಇಡೀ ಹಗಲು ನಡೆದರೆ
ಆ ಸೊಂಟದ ಗತಿ?

ಗಿರಾಕಿಯ ಮೈ ಸುದ್ದಿ ನಾಲ್ಕು ಜನರೆದುರು ಆಡಬಾರದು,
ಹೊಲಿಗೆ ಕಲಿಸಿದವಳು ಮೊದಲು ಕಲಿಸಿದ್ದು ಅದನ್ನೇ.

"ತಿರುವಿ ಹಾಕಿ. ಬೆಟ್ಟ ಎಡಕ್ಕಿರಲಿ."
"ಅಪ್ರದಕ್ಷಿಣೆ ಹಾಕಿಸ್ತೀಯೇನಕ್ಕ?" ಹನುಮ ನಕ್ಕ.
"ಬೆಳಗಿನ ಬಿಸಿಲು ಕಣ್ಣಿಗೆ ಹೊಡಿಯಲ್ಲ,"
ಬಾಯಿಗೆ ಬಂದದ್ದು ಅಂದೆ.
ಫರ್ಹಾನಾ ನನ್ನ ಮುಖ ನೋಡಿದಳು,
ಬಗ್ಗಿ, ಬಾಗಿಲಲ್ಲಿ ಬಿಟ್ಟಿದ್ದ ಮೇಷ್ಟ್ರ ಚಪ್ಪಲಿ ನೋಡಿದಳು,
ಸವೆದ ಹಿಮ್ಮಡಿ.
"ಅಕ್ಕ ಹೇಳಿದ್ದೇ ಸರಿ," ಅಂದಳು.
ಮೇಷ್ಟ್ರು ಪೆನ್ಸಿಲ್ಲಿನಿಂದ ಬಾಣಗಳನ್ನೆಲ್ಲ
ಒಂದೊಂದಾಗಿ ಹಿಂದಕ್ಕೆ ತಿರುಗಿಸಿದರು,
ಪುಟ ತಿದ್ದುವ ಮಗುವಿನ ಹಾಗೆ, ನಾಲಿಗೆ ಕಚ್ಚಿಕೊಂಡು.

ನಕ್ಷೆ ಅವರ ಜೊತೆ ಹೋಯಿತು.
ನಾನು ನೆನಪಿಗೆಂದು ಮೇಜಿನ ಮೇಲೆ ಎಳೆದುಕೊಂಡಿದ್ದ ದಡ
ಹಾಗೇ ಉಳಿದಿತ್ತು.
ಬೆಳಿಗ್ಗೆ ಮರೆತು, ಅದರ ಮೇಲೆಯೇ
ಗಿಣಿಹಸಿರು ರವಿಕೆಯ ಬೆನ್ನು ಕತ್ತರಿಸಿದೆ.
ಮಗುಚಿ ನೋಡಿದರೆ ಒಳಬದಿಗೆ ದ್ವೀಪ ಹತ್ತಿದೆ,
ಎಡ ಬಲ ಅದಲು ಬದಲಾಗಿ.

ಬ್ರಷ್ ಕೈಗೆತ್ತಿಕೊಂಡೆ. ಇಟ್ಟೆ.
ಇವತ್ತು ಮಂಗಳವಾರ.
ಆ ರವಿಕೆ ತೊಟ್ಟವಳು ಈಗ ಪೇಟೆಬೀದಿಯಲ್ಲೆಲ್ಲೋ
ಬೆನ್ನಿಗೆ ಕಡಲು ಅಂಟಿಸಿಕೊಂಡು
ಬದನೆಕಾಯಿಗೆ ಚೌಕಾಸಿ ಮಾಡುತ್ತಿರಬೇಕು.